ಟೆಸ್ಟ್ ಪಾಸ್ ಆಗಿದೆ, ಆದರೂ ಬಿಲ್ಡ್ ಕೆಂಪು ಯಾಕೆ?

"ಟೆಸ್ಟ್ ಪಾಸ್ ಆಗಿದೆ ಅಲ್ವಾ, ಮತ್ತೆ ಬಿಲ್ಡ್ ಯಾಕೆ ಫೇಲ್ ಮಾಡ್ತೀರಿ?" ತಂಡಕ್ಕೆ ಹೊಸದಾಗಿ ಬಂದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಬಿಲ್ಡ್ ಎಂದರೆ ಕೋಡ್ ಜೋಡಿಸಿ ಎಲ್ಲ ಟೆಸ್ಟ್ ತಾನಾಗಿಯೇ ಓಡಿಸುವ ಹಂತ; ಅದು ಫೇಲ್ ಆದರೆ ಕೆಂಪು. ಗೊತ್ತಿರುವ ಬಗ್‌ಗೆ ಒಂದು ಟೆಸ್ಟ್ ಬರೆದು, ಸದ್ಯಕ್ಕೆ ಫೇಲ್ ಆಗುತ್ತದೆ ಎಂದು ಅದಕ್ಕೆ ಎಕ್ಸ್‌ಫೇಲ್ ಗುರುತು ಹಾಕಿರುತ್ತೇವೆ. ಒಂದು ದಿನ ಅದು ಪಾಸ್ ಆಗಿಬಿಡುತ್ತದೆ. ರಿಪೋರ್ಟ್‌ನಲ್ಲಿ ಇದರ ಹೆಸರು ಎಕ್ಸ್‌ಪಾಸ್.

ಆ ಗುರುತು ಕೋಡ್ ಬಗ್ಗೆ ನಾವೇ ಬರೆದಿಟ್ಟ ಮಾತು. ಟೆಸ್ಟ್ ಪಾಸ್ ಆದ ಕೂಡಲೇ ಆ ಮಾತು ಸುಳ್ಳಾಯಿತು. ಯಾಕೆ ಅಂತ ಯಾರಾದರೂ ನೋಡಲೇಬೇಕು, ಅದಕ್ಕೇ ಕೆಂಪು.

ಬಗ್ ನಿಜವಾಗಿ ಸರಿಹೋಗಿದ್ದರೆ ಬಹಳ ಒಳ್ಳೆಯದು. ಗುರುತು ತೆಗೆಯಿರಿ, ಟಿಕೆಟ್ ಮುಚ್ಚಿ. ತೆಗೆಯದೆ ಬಿಟ್ಟರೆ, ಅದೇ ಬಗ್ ನಾಳೆ ವಾಪಸ್ ಬಂದಾಗ ರಿಪೋರ್ಟ್ "ಇದು ಗೊತ್ತಿದ್ದದ್ದೇ" ಎಂದು ಸುಮ್ನಿರುತ್ತದೆ. ನನಗೆ ಇದಕ್ಕಿಂತ ಜಾಸ್ತಿ ಭಯ ಇನ್ನೊಂದರದ್ದು: ಬಗ್ ಹಾಗೇ ಇದೆ, ಟೆಸ್ಟೇ ಕೆಟ್ಟಿದೆ. ಯಾರೋ ಕೋಡ್ ತಿದ್ದುವಾಗ ಲೂಪ್‌ಗೆ ಖಾಲಿ ಪಟ್ಟಿ ಸಿಗುವಂತಾಗಿದೆ. ಒಳಗಿರುವ ಅಸರ್ಟ್, ಅಂದರೆ ಉತ್ತರ ಸರಿಯೇ ಎಂದು ನೋಡುವ ಸಾಲು, ಒಮ್ಮೆಯೂ ಓಡುವುದಿಲ್ಲ. ಪಾಸ್ ಆಗದೆ ಇನ್ನೇನಾಗುತ್ತದೆ?

ಟೆಸ್ಟ್ ಓಡಿಸುವ ಎಲ್ಲ ಟೂಲ್‌ಗಳೂ ಇದನ್ನು ಒಂದೇ ರೀತಿ ನೋಡುವುದಿಲ್ಲ. ಪೈಥಾನ್‌ನ ಯುನಿಟ್‌ಟೆಸ್ಟ್ 3.4ನೇ ಆವೃತ್ತಿಯಿಂದ ಇಂಥ ಪಾಸ್ ಇದ್ದರೆ ಇಡೀ ರನ್ ಯಶಸ್ವಿ ಎಂದು ಒಪ್ಪುವುದಿಲ್ಲ. ರೂಬಿಯ ಆರ್‌ಸ್ಪೆಕ್ 3ರಲ್ಲಿ, ಪೆಂಡಿಂಗ್ ಎಂದು ಗುರುತಿಸಿದ ಟೆಸ್ಟ್ ಪಾಸ್ ಆದರೆ ಅದು ಫೇಲ್ ಲೆಕ್ಕಕ್ಕೇ ಹೋಗುತ್ತದೆ. ಪೈಥಾನ್‌ನದ್ದೇ ಇನ್ನೊಂದು ಟೂಲ್ ಪೈಟೆಸ್ಟ್ ಮಾತ್ರ ನಾವು ಹೇಳದಿದ್ದರೆ ಸಡಿಲ: ಎಕ್ಸ್‌ಪಾಸ್ ಅನ್ನು ಎಣಿಸಿ ತೋರಿಸುತ್ತದೆ, ಬಿಲ್ಡ್ ನಿಲ್ಲಿಸುವುದಿಲ್ಲ. ಬೇರೆ ಟೂಲ್‌ಗಳು ಓದಲೆಂದು ಅದು ಬರೆಯುವ ಜೆಯುನಿಟ್ ಎಕ್ಸ್‌ಎಂಎಲ್ ಎಂಬ ರಿಪೋರ್ಟ್ ಫೈಲ್‌ನಲ್ಲಂತೂ ಆ ಎಣಿಕೆಯೂ ಇರುವುದಿಲ್ಲ. ಎಕ್ಸ್‌ಫೇಲ್ ಅಲ್ಲಿ ಸ್ಕಿಪ್ ಆಗಿ ಕಾಣುತ್ತದೆ, ಎಕ್ಸ್‌ಪಾಸ್ ಮಾಮೂಲಿ ಪಾಸ್ ಆಗಿ. ಆ ಫೈಲ್ ಓದುವ ಡ್ಯಾಶ್‌ಬೋರ್ಡ್ ನೋಡುವವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿ ಕಾನ್ಫಿಗ್‌ನಲ್ಲಿ, ಎಕ್ಸ್‌ಪಾಸ್ ಅನ್ನು ಫೇಲ್ ಎಂದೇ ಎಣಿಸುವ ಎಕ್ಸ್‌ಫೇಲ್ ಸ್ಟ್ರಿಕ್ಟ್ ಆಯ್ಕೆಯನ್ನು ಮೊದಲ ದಿನವೇ ಆನ್ ಮಾಡಿ ಎಂದು ನಾನು ಹಟ ಹಿಡಿಯುತ್ತೇನೆ.

"ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ?" ಎಂದೂ ಕೇಳುತ್ತಾರೆ. ಅದಕ್ಕೆ ಎಕ್ಸ್‌ಫೇಲ್ ಹಾಕಲೇಬೇಡಿ. ಅದನ್ನು ಬೇರೆ ಗುಂಪಿಗೆ ಸರಿಸಿ, ಕಾರಣ ಹುಡುಕಿ.

ಫೇಲ್ ಆಗಬೇಕಿದ್ದ ಟೆಸ್ಟ್ ಫೇಲ್ ಆದಾಗಲೂ ಒಂದು ವಿಷಯ ನೋಡಬೇಕು. ಅದು ನಾವಂದುಕೊಂಡ ಕಾರಣಕ್ಕೇ ಫೇಲ್ ಆಯಿತೇ? ಇಂಪೋರ್ಟ್ ಹೆಸರು ತಪ್ಪಾಗಿದ್ದರೂ ಎಕ್ಸ್‌ಫೇಲ್ ಅದನ್ನು ನುಂಗಿಬಿಡಬಹುದು. ಯಾವ ಎಕ್ಸೆಪ್ಶನ್ (ಕೋಡ್ ಓಡುವಾಗ ಏಳುವ ದೋಷ) ಬರಬೇಕು ಎಂದು ಪೈಟೆಸ್ಟ್‌ಗೆ ಎಕ್ಸ್‌ಫೇಲ್ ಗುರುತಿನ ರೈಸಸ್ ಆಯ್ಕೆಯ ಮೂಲಕ ಹೇಳಿಟ್ಟರೆ, ಬೇರೆ ಯಾವುದು ಬಂದರೂ ಅದನ್ನು ಫೇಲ್ ಎಂದೇ ತೋರಿಸುತ್ತದೆ.