ಭಂಡಾರ ಒಡೆಯಲು ಬಂದ ಶಿವ

ಆಷಾಢದ ಅಮಾವಾಸ್ಯೆ ಎಂದರೆ ನಮಗೆ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆಯ ಹಬ್ಬ ಅಂತಲೇ ಎಲ್ಲರ ಬಾಯಲ್ಲೂ ಇದೆ. ಆದರೆ ವ್ರತ ಜ್ಯೋತಿರ್ಭೀಮೇಶ್ವರನದು, ಅಂದರೆ ಶಿವನದು. ಜೊತೆಗೆ ಪಾರ್ವತಿಯೂ ಇರುತ್ತಾಳೆ. ಜೋಡಿ ದೀಪ, 9 ಗಂಟಿನ ಅರಿಶಿನದ ದಾರ, ಕೊನೆಗೆ ಕಥೆ. ಒಲೆ ಮೇಲೆ ಕಡುಬು ಬೇಯುತ್ತಿರುತ್ತದಲ್ಲ, ಕಥೆಯನ್ನು ಗಡಿಬಿಡಿಯಲ್ಲೇ ಓದಿ ಮುಗಿಸುತ್ತೇವೆ.

ನಿಧಾನವಾಗಿ ಓದಿದರೆ ಎದೆ ಝಲ್ಲೆನ್ನುತ್ತದೆ. ಅಪ್ಪ ಅಮ್ಮ ಮಗಳನ್ನು ಮಗನ ಕೈಗೊಪ್ಪಿಸಿ ಕಾಶಿಗೆ ಹೊರಡುತ್ತಾರೆ. ಅತ್ತ ರಾಜಕುಮಾರನೊಬ್ಬ ಸಾಯುತ್ತಾನೆ. ಸತ್ತ ಮಗನಿಗೆ ಹೆಣ್ಣು ಕೊಟ್ಟವರಿಗೆ ಹಣ ಕೊಡುತ್ತೇನೆಂದು ರಾಜ ಡಂಗುರ ಹೊಡೆಸುತ್ತಾನೆ. ಅಣ್ಣ ದುಡ್ಡಿನಾಸೆಗೆ ತಂಗಿಯನ್ನು ಹೆಣಕ್ಕೆ ಕಟ್ಟುತ್ತಾನೆ. ಭಾಗೀರಥಿ ದಡದಲ್ಲಿ ಚಿತೆ ಒಟ್ಟುವಷ್ಟರಲ್ಲಿ ಜೋರು ಮಳೆ. ಬಂದವರೆಲ್ಲ ಜಾಗ ಖಾಲಿ ಮಾಡಿದರು. ಇವಳೊಬ್ಬಳೇ ಉಳಿದಳು. ಅವತ್ತು ವ್ರತದ ದಿನ ಅಂತ ನೆನಪಾಯಿತು. ಹಿಟ್ಟೆಲ್ಲಿಂದ ತರಬೇಕು? ದಡದ ಮಣ್ಣನ್ನೇ ಕಲಸಿ ದೀಪ ಮಾಡಿದಳು, ನಾಣ್ಯ ಅಡಗಿಸಿಡುವ ಕಡುಬಿಗೆ ಭಂಡಾರ ಅನ್ನುತ್ತೇವಲ್ಲ, ಅದನ್ನೂ ಮಣ್ಣಿನಲ್ಲೇ ಮಾಡಿಟ್ಟಳು.

ಇದನ್ನು ಪತಿವ್ರತೆಯ ತ್ಯಾಗ ಅಂತ ಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅವಳು ಏನನ್ನೂ ತ್ಯಾಗ ಮಾಡಲಿಲ್ಲ, ಅವಳನ್ನು ಮಾರಿದರು. ಅವಳು ಮನಸ್ಸಾರೆ ಕೊಟ್ಟದ್ದು ಆ ಮಣ್ಣಿನ ದೀಪ ಮಾತ್ರ. ನೋಡುವವರಿಲ್ಲ, ಮೆಚ್ಚುವವರಿಲ್ಲ, ಆದರೂ ಹಿಡಿದ ವ್ರತ ಬಿಡಲಿಲ್ಲ.

ಭಂಡಾರ ಒಡೆಯಲು ಅಣ್ಣ ತಮ್ಮಂದಿರು ಬೇಕು. ಇವಳ ಅಣ್ಣ ಹಣ ತೆಗೆದುಕೊಂಡು ಮನೆಯಲ್ಲಿ ಕೂತಿದ್ದಾನೆ. ಆಗ ದಾರಿಹೋಕ ದಂಪತಿಯ ಹಾಗೆ ಶಿವ ಪಾರ್ವತಿ ಬಂದರು. ಶಿವನೇ ಭಂಡಾರ ಒಡೆದ. 'ದೀರ್ಘಸುಮಂಗಲಿ ಭವ' ಎಂದು ಹರಸಿ ರಾಜಕುಮಾರನನ್ನು ಬದುಕಿಸಿದ. ಗಂಡ ಎದ್ದು ಕೂತದ್ದಕ್ಕಿಂತ ನನ್ನ ಮನಸ್ಸು ನಿಲ್ಲುವುದು ಆ ಭಂಡಾರದ ಹತ್ತಿರ. ಇವತ್ತಿಗೂ ತಮ್ಮನಾದವನು ಹೊಸಿಲ ಮೇಲೆ ಕಡುಬಿಟ್ಟು ಮೊಣಕೈಯಿಂದ ಗುದ್ದುತ್ತಾನೆ. ಹೂರಣ ಆಚೀಚೆ ಸಿಡಿಯುತ್ತದೆ. ಒಳಗಿನ ನಾಣ್ಯ ಹುಡುಕಿ ನಗುತ್ತಾನೆ. ತಂಗಿಯನ್ನು ಮಾರಿದ ಅಣ್ಣನ ಜಾಗಕ್ಕೆ ಶಿವ ಬಂದಿದ್ದ ಅಂತ ಅವನಿಗೂ ಯಾರಾದರೂ ಹೇಳಬೇಕು, ಅಲ್ವಾ?

ಇನ್ನೊಂದು ಮಾತು. ಮದುವೆಯಲ್ಲಿ ಧರ್ಮ, ಅರ್ಥ, ಕಾಮಗಳಲ್ಲಿ ಇವಳನ್ನು ಮೀರಿ ನಡೆಯಲಾರೆ, 'ನಾತಿಚರಾಮಿ' ಎಂದು ಮಾತು ಕೊಡುವವನು ಗಂಡು. ಅದನ್ನು ನೆನೆಸಲು ವರ್ಷಕ್ಕೊಂದು ಹಬ್ಬವಿಲ್ಲ ನೋಡಿ! ಪಾರ್ವತಿ ಎಲೆಯನ್ನೂ ತಿನ್ನದೆ ತಪಸ್ಸು ಮಾಡಿ ಅಪರ್ಣೆಯಾದಳು, ನಿಜ. ಶಿವನೂ ಸುಮ್ನೆ ಕೂರಲಿಲ್ಲ, ಅರ್ಧ ಮೈಯನ್ನೇ ಕೊಟ್ಟ. ಹೊಡೆಯುವ ಗಂಡನ ಕಾಲು ತೊಳೆದುಕೊಂಡಿರು ಎಂದು ಅಂಥ ದೇವರು ಹೇಳುತ್ತಾನೆಯೇ?

ಅದಕ್ಕೇ ನಾನು ದೀಪದ ಮುಂದೆ ಎರಡು ಬೇಡುತ್ತೇನೆ: ಇವರಿಗೆ ಆಯಸ್ಸು ಕೊಡು, ಕೊಟ್ಟ ಮಾತಿನ ನೆನಪನ್ನೂ ಕೊಡು. ಕಳೆದ ವರ್ಷ ಪಾದಪೂಜೆ ಆದಮೇಲೆ ಆ ಮಂತ್ರ ಇನ್ನೊಮ್ಮೆ ಹೇಳಿ ಎಂದೆ. ನಮ್ಮ ಯಜಮಾನರು 'ಧರ್ಮೇ ಚ, ಅರ್ಥೇ ಚ' ಎಂದು ತಡವರಿಸಿ ನಿಂತರು. ಈ ಸಲ ಬಾಯಿಪಾಠ ಆಗದಿದ್ದರೆ ಕಡುಬಿಲ್ಲ ಎಂದು ಈಗಲೇ ಹೇಳಿಟ್ಟಿದ್ದೇನೆ.