ಸರ್ಫ್‌ನಿಂದ ಬ್ಲೂಸ್‌ಗೆ ಜಾರಿಕೊಳ್ಳುವುದು: ಒಂದು ಗಂಟೆಯ ರೇಡಿಯೋ ಮಿಕ್ಸ್

ಅಮೆರಿಕದ ಹಳೆಯ ಸಂಗೀತ ಶೈಲಿಗಳಾದ ರೂಟ್ಸ್ ರಾಕ್, ಬ್ಲೂಸ್, ಗಿಟಾರ್ ಅಬ್ಬರದ ಸರ್ಫ್, ಭಾವ ತುಂಬಿದ ಹಾಡುಗಾರಿಕೆಯ ಸೋಲ್ ಎಲ್ಲವನ್ನೂ ಒಂದು ಗಂಟೆಗೆ ಹೊಂದಿಸಲು 18 ಹಾಡು ಸಾಕು. ತಲಾ 3 ನಿಮಿಷ ಹಿಡಿದರೂ ಮಾತಿಗೆ 6 ನಿಮಿಷ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ಮಾತಾಡಲೂಬಾರದು.

ಎಡವಟ್ಟಾಗುವುದು ಹಾಡು ಹಾಡು ಸೇರುವ ಜಾಗದಲ್ಲಿ. ಸರ್ಫ್ ಗಿಟಾರ್ ವಾದಕ ಡಿಕ್ ಡೇಲ್ 1962ರಲ್ಲಿ ನುಡಿಸಿದ ‘ಮಿಸರ್ಲೂ’ವಿನ ಬಿರುಸು ಮೀಟಿಗೆ ಕಿವಿ ಒಗ್ಗಿರುವಾಗ ನೇರವಾಗಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡು ಹಾಕಿದರೆ ಎಂಥ ಬ್ಲೂಸೂ ಸಪ್ಪೆಯೇ. ನಡುವೆ ಬುಕರ್ ಟಿ. ತಂಡದ ‘ಗ್ರೀನ್ ಆನಿಯನ್ಸ್’ ಇಡಿ. ಅದೂ 1962ರದ್ದೇ, ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದ್ದು. ‘ಮಿಸರ್ಲೂ’ವಿನಂತೆ ಬರೀ ವಾದ್ಯ, ಒಳಗಿನ ಕಟ್ಟು ಮಾತ್ರ 12 ಬಾರ್ ಬ್ಲೂಸ್, ಅಂದರೆ 12 ಆವರ್ತಕ್ಕೊಮ್ಮೆ ಮರಳುವ ಬ್ಲೂಸ್ ಚೌಕಟ್ಟು. ಅಲ್ಲಿಂದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಕಡೆಗೂ ಹೋಗಬಹುದು, ಮಡ್ಡಿ ಕಡೆಗೂ.

ಆ ಕಾಲದ ಎಷ್ಟೋ ಸ್ಟೀರಿಯೋ ಪ್ರತಿಗಳಲ್ಲಿ ದನಿ ಒಂದು ಪಕ್ಕ, ವಾದ್ಯ ಇನ್ನೊಂದು ಪಕ್ಕ. ಹಾಸನದ ಅಂಗಡಿಯಲ್ಲಿ ಒಂದೇ ಸ್ಪೀಕರ್ ತೂಗಿದ್ದರೆ ಹಾಡುಗಾರನೇ ನಾಪತ್ತೆ! ಅಂಥವನ್ನು ಮೋನೋ ಮಾಡಿ, ಅಂದರೆ ಎರಡೂ ಪಕ್ಕವನ್ನು ಒಂದಾಗಿ ಸೇರಿಸಿ ಕೇಳಿ ನೋಡಿ. ಆಗ ಎರಡೂ ಪಕ್ಕದಲ್ಲಿರುವ ಸದ್ದು ತೆಳ್ಳಗಾದರೆ ಒಂದು ಚಾನೆಲ್‌ನ ಫೇಸ್, ಅಂದರೆ ಸದ್ದಿನ ಅಲೆ, ತಲೆಕೆಳಗಾಗಿರಬಹುದು.

ಒಟ್ಟಾರೆ ಸದ್ದಿನ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದರ ಅಳತೆ), ಪೀಕ್ ಅಂದರೆ ಸದ್ದಿನ ತುತ್ತತುದಿ ಮೈನಸ್ 1 ಡೆಸಿಬಲ್ ಇರಲಿ. ಹಳೆಯ ಹಾಡನ್ನು ಹೊಸ ರೀಮಾಸ್ಟರ್‌ಗೆ (ಮತ್ತೆ ಹದಗೊಳಿಸಿದ ಪ್ರತಿಗೆ) ಸಮ ಮಾಡಲು ಜೋರು-ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್ ಒತ್ತಬೇಡಿ, ಹೊಸದನ್ನೇ ತಗ್ಗಿಸಿ. ಮೆಲ್ಲಗೆ ಶುರುವಾಗುವ ಸೋಲ್ ಹಾಡು ಶಿರಾಡಿ ಘಾಟಿ ಹತ್ತುವ ಕಾರಿನಲ್ಲಿ ಕೇಳುವುದೇ ಇಲ್ಲ. ಅದರ ಮೊದಲ 10 ಸೆಕೆಂಡನ್ನು 3 ಡೆಸಿಬಲ್ ಎತ್ತಿ.

ತಾನಾಗೇ ಕರಗುವ ಹಾಡಿಗೆ ಮಾತ್ರ 2 ಸೆಕೆಂಡ್ ಕ್ರಾಸ್‌ಫೇಡ್, ಅಂದರೆ ಒಂದು ಇಳಿಯುತ್ತಿರುವಾಗಲೇ ಇನ್ನೊಂದು ಏರುವುದು. ಠಪ್ಪೆಂದು ನಿಲ್ಲುವ ಹಾಡು ಮುಗಿದ ಮೇಲೆ ಅರ್ಧ ಸೆಕೆಂಡ್ ಖಾಲಿ ಬಿಡಿ.