ಶೇ 20 ಬೆಳೆದ ದಿನ ಭಾವ ಶೆಡ್ ಖಾಲಿ ಮಾಡಿದರು

2021ರ ಆಗಸ್ಟ್ 31ರ ಸಂಜೆ ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದ್ದೆ. ಭಾವ ಶೆಡ್ ಖಾಲಿ ಮಾಡುವ ದಿನ ಅದು. ಎರಡು ಸಿಎನ್‌ಸಿ ಲೇಥ್‌ಗಳನ್ನು, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಲೋಹ ಕಡೆಯುವ ಮಷೀನ್‌ಗಳನ್ನು, ಹಿಂದಿನ ವಾರವೇ ಮಾರಿ ಆಗಿತ್ತು. ಉಳಿದಿದ್ದು ಒಂದು ಬೆಂಚ್, ಟೂಲ್‌ಗಳ ಡಬ್ಬ, ಹಳೆಯ ಡ್ರಿಲಿಂಗ್ ಮಷೀನ್, ಗೋಡೆ ಮೇಲಿನ ದೇವರ ಫೋಟೋ. ಅಕ್ಕ ಆ ಫೋಟೋವನ್ನು ಹಳೇ ಸೀರೆಯಲ್ಲಿ ಸುತ್ತುತ್ತಿದ್ದಾಗ ನನ್ನ ಫೋನಿಗೆ ಸುದ್ದಿ ಬಂತು: ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ, ಅಂದರೆ ಒಟ್ಟು ಉತ್ಪಾದನೆ, ಶೇ 20.1 ಬೆಳೆದಿದೆ. ಅದನ್ನು ಅವರ ಮುಂದೆ ಓದಲು ನನಗೆ ಬಾಯಿ ಬರಲಿಲ್ಲ.

ನಾನು ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವವನು. ಆ ಅಂಕಿ ಸುಳ್ಳಲ್ಲ ಅಂತ ಗೊತ್ತಿತ್ತು. ಆದರೆ ಅದು ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನು ಬಿಡಿಸಿ ಬರೆಯಬೇಕು ಅಂತ ಅವತ್ತಿನಿಂದ ಮನಸ್ಸಿನಲ್ಲಿತ್ತು.

ಮೊದಲು ಆ ಶೇ 20ರ ಲೆಕ್ಕ ನೋಡೋಣ. 2019ರ ಏಪ್ರಿಲ್-ಜೂನ್‌ನಲ್ಲಿ ದೇಶದ ಉತ್ಪಾದನೆ 35.66 ಲಕ್ಷ ಕೋಟಿ ರೂಪಾಯಿ. ಲಾಕ್‌ಡೌನ್ ಆದ 2020ರ ಅದೇ ಮೂರು ತಿಂಗಳಲ್ಲಿ 26.95 ಲಕ್ಷ ಕೋಟಿಗೆ ಬಿತ್ತು. 2021ರಲ್ಲಿ 32.38 ಲಕ್ಷ ಕೋಟಿಗೆ ಬಂತು. 26.95ರಿಂದ ನೋಡಿದರೆ ಶೇ 20 ಏರಿಕೆ, ಸರಿ. ಆದರೆ 35.66ರಿಂದ ನೋಡಿದರೆ ಇನ್ನೂ ಶೇ 9 ಕೆಳಗೇ ಇದ್ದೆವು. ನೂರು ರೂಪಾಯಿಗೆ ಇಪ್ಪತ್ತೈದು ಕಳೆದುಕೊಂಡವನ ಹತ್ತಿರ ಎಪ್ಪತ್ತೈದು ಉಳಿಯುತ್ತೆ, ಅದರ ಮೇಲೆ ಶೇ 20 ಸೇರಿಸಿದರೆ ತೊಂಬತ್ತು, ನೂರಲ್ಲ. ಇಡೀ ವರ್ಷದ್ದೂ ಹೀಗೇ. 2021-22ರಲ್ಲಿ ಬೆಳವಣಿಗೆ ಶೇ 8.7 ಅಂತ ಮೊದಲು ಅಂದಾಜು ಮಾಡಿದರು, ಆದರೆ ಆಗಿನ ಅಂಕಿಗಳ ಪ್ರಕಾರವೇ ಎರಡು ವರ್ಷ ಹಿಂದಿನ ಮಟ್ಟಕ್ಕಿಂತ ನಾವು ಮೇಲಿದ್ದದ್ದು ಶೇ 1.5 ಮಾತ್ರ. ಎರಡು ವರ್ಷ ದುಡಿದು ಹೆಚ್ಚುಕಮ್ಮಿ ಇದ್ದಲ್ಲಿಗೇ ಬಂದೆವು.

ಭಾವ ಮಾಡುತ್ತಿದ್ದದ್ದು ದ್ವಿಚಕ್ರ ವಾಹನಗಳ ಬುಷ್, ಪಿನ್ ಇಂಥ ಸಣ್ಣ ಭಾಗಗಳ ಜಾಬ್ ವರ್ಕ್. ಅವರಿಗೆ ಕೆಲಸ ಕೊಡುವವರು ಇನ್ನೊಬ್ಬ ಸ್ವಲ್ಪ ದೊಡ್ಡ ವರ್ಕ್‌ಶಾಪ್‌ನವರು, ಅವರಿಗೆ ಕೆಲಸ ಕೊಡುವವರು ಬಿಡಿಭಾಗಗಳ ಕಂಪನಿ, ಅದರ ಮೇಲೆ ಬೈಕ್ ಕಂಪನಿ. ಈ ಸರಪಳಿಯ ತುದಿಯಲ್ಲಿ ಭಾವ ಮತ್ತು ಅವರ ನಾಲ್ಕು ಹುಡುಗರು. 2018-19ರಲ್ಲಿ ದೇಶದೊಳಗೆ 2.1 ಕೋಟಿಗೂ ಹೆಚ್ಚು ದ್ವಿಚಕ್ರ ವಾಹನ ಮಾರಾಟವಾಗಿದ್ದವು. ಮರುವರ್ಷ, ಅಂದರೆ ಕೊರೊನಾ ಬರುವ ಮೊದಲೇ, 1.74 ಕೋಟಿಗೆ ಇಳಿದಿತ್ತು. 2020-21ರಲ್ಲಿ 1.51 ಕೋಟಿ. ಇಲ್ಲಿಗೆ ನಿಂತಿದ್ದರೂ ಭಾವ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಆದರೆ ಜಿಡಿಪಿ ಶೇ 8.7 ಬೆಳೆಯಿತು ಅಂದ ಅದೇ 2021-22ರಲ್ಲಿ ಬೈಕ್ ಸ್ಕೂಟರ್ ಮಾರಾಟ ಇನ್ನೂ ಕೆಳಗೆ, ಸುಮಾರು 1.35 ಕೋಟಿಗೆ ಬಿತ್ತು. ಮುಂದಿನ ವರ್ಷ ಕಾರುಗಳ ಮಾರಾಟ ಹಿಂದೆಂದೂ ಇಲ್ಲದಷ್ಟು ಆಗಿ 38.9 ಲಕ್ಷ ಮುಟ್ಟಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾರು ಕೊಳ್ಳುವ ಮನೆ ಚೇತರಿಸಿಕೊಂಡಿತು. ಹಳ್ಳಿಯಲ್ಲಿ ಮೊದಲ ಬೈಕ್ ಕೊಳ್ಳಬೇಕಿದ್ದ ಮನೆ ಕೊಳ್ಳಲಿಲ್ಲ. ಆ ಮನೆಯವರು ಕೊಳ್ಳದೇ ಇದ್ದದ್ದು ಸೀದಾ ಬಂದು ಪೀಣ್ಯದ ಶೆಡ್‌ಗೆ ಬಡಿಯಿತು.

ಸರ್ಕಾರ ಏನೂ ಮಾಡಲಿಲ್ಲ ಅಂತ ನಾನು ಹೇಳಲ್ಲ, ಅದು ಅನ್ಯಾಯದ ಮಾತಾಗುತ್ತೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತು ಕಟ್ಟದೆ ಇರಬಹುದು ಅಂತ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಸಣ್ಣ ಉದ್ಯಮಗಳಿಗೆ ಅಡಮಾನ ಇಲ್ಲದ ತುರ್ತು ಸಾಲ ಬಂತು, ಬಾಕಿ ಇರುವ ಸಾಲದ ಶೇ 20ರಷ್ಟು, ಸರ್ಕಾರದ್ದೇ ಗ್ಯಾರಂಟಿ. ಆ ಅರ್ಜಿಯನ್ನು ಭಾವನಿಗೆ ನಾನೇ ತುಂಬಿಕೊಟ್ಟೆ. ಹುಡುಗರ ಸಂಬಳ, ಶೆಡ್ ಬಾಡಿಗೆ, ಕರೆಂಟ್ ಬಿಲ್ಲು ಅದರಲ್ಲೇ ನಡೆಯಿತು. ಆದರೆ ಕಂತು ನಿಂತಾಗ ಬಡ್ಡಿ ನಿಂತಿರಲಿಲ್ಲ. ತುರ್ತು ಸಾಲದ ಅಸಲು ಒಂದು ವರ್ಷದ ನಂತರ ಕಟ್ಟಲು ಶುರುವಾಗಬೇಕು, ಆ ಒಂದು ವರ್ಷ ಮುಗಿದದ್ದು ಎರಡನೇ ಅಲೆ ಬಂದ ಹೊತ್ತಿಗೇ. ಆರ್ಡರ್ ಇಲ್ಲದವನಿಗೆ ಸಾಲ ಕೊಟ್ಟರೆ ಸ್ವಲ್ಪ ದಿನ ಉಸಿರಾಡಬಹುದು ಅಷ್ಟೇ, ಅವನಿಗೆ ಬೇಕಿದ್ದದ್ದು ಆರ್ಡರ್. ಮಾಡಿಕೊಟ್ಟ ಕೆಲಸದ ದುಡ್ಡಂತೂ ಮೂರು ತಿಂಗಳು ಕಳೆದರೂ ಬರುತ್ತಿರಲಿಲ್ಲ. ನಾನು ಫೋನ್ ಮಾಡಿ ಮಾಡಿ ಸಾಕಾಗಿದ್ದೆ.

ಭಾವ ಹೋದದ್ದು ತಿಪಟೂರು ಕಡೆಯ ಅವರ ಊರಿಗೆ. ಎರಡು ಎಕರೆ ತೆಂಗು, ಸ್ವಲ್ಪ ರಾಗಿ ಹೊಲ. ಅಣ್ಣ ನೋಡಿಕೊಳ್ಳುತ್ತಿದ್ದ ತೋಟವನ್ನು ಈಗ ಇಬ್ಬರು ನೋಡಿಕೊಳ್ಳುತ್ತಾರೆ. ತೆಂಗಿನಕಾಯಿ ಎರಡು ಪಟ್ಟಾಗಲಿಲ್ಲ, ಕೈ ಮಾತ್ರ ಎರಡು ಪಟ್ಟಾಯಿತು.

ದೇಶದ ತುಂಬ ನಡೆದದ್ದು ಇದೇ. 2018-19ರಲ್ಲಿ ದುಡಿಯುವವರಲ್ಲಿ ಶೇ 42.5 ಜನ ಕೃಷಿಯಲ್ಲಿದ್ದರು. 2020-21ರ ಹೊತ್ತಿಗೆ ಅದು ಶೇ 46.5 ಆಯಿತು. ಇದು ಸರ್ಕಾರದ್ದೇ ಕಾರ್ಮಿಕ ಸಮೀಕ್ಷೆಯ ಅಂಕಿ. ದಶಕಗಳಿಂದ ಜನ ಹೊಲ ಬಿಟ್ಟು ಕಾರ್ಖಾನೆ, ಅಂಗಡಿ, ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು, ಆ ನಡೆ ಹಿಂದಕ್ಕೆ ತಿರುಗಿತು. ಲಾಕ್‌ಡೌನ್ ವರ್ಷ ಹೀಗಾದದ್ದು ಅರ್ಥವಾಗುತ್ತೆ. ನನ್ನನ್ನು ಕಾಡುವುದು ಮುಂದಿನದು: 2023-24ರಲ್ಲೂ ಅದು ಶೇ 46.1. ಈ ಅವಧಿಯಲ್ಲಿ ಕೆಲಸ ಮಾಡುವ ಹೆಂಗಸರ ಲೆಕ್ಕ ತುಂಬ ಏರಿದೆ, ಅವರಲ್ಲಿ ಬಹಳ ಜನ ಹೊಲದಲ್ಲೇ ದುಡಿಯುವವರು, ಹಾಗಾಗಿ ಊರಿಗೆ ವಾಪಸ್ ಹೋದವರೊಬ್ಬರಿಂದಲೇ ಇಷ್ಟಾಯಿತು ಅನ್ನಲು ಆಗಲ್ಲ. ಆದರೆ ಆ ಹೆಂಗಸರಿಗೂ ಹೊಲ ಬಿಟ್ಟು ಬೇರೆ ಕೆಲಸ ಸಿಗುತ್ತಿಲ್ಲ ಅನ್ನೋದು ಸಮಾಧಾನದ ಮಾತೇನಲ್ಲ, ಅಲ್ವಾ? ಅಕ್ಕನೂ ಆ ಲೆಕ್ಕದಲ್ಲಿ ಸೇರುತ್ತಾಳೆ. ಪೀಣ್ಯದಲ್ಲಿ ಬಿಲ್ ಪುಸ್ತಕ ನೋಡಿಕೊಳ್ಳುತ್ತಿದ್ದವಳು ಈಗ ಕೊಬ್ಬರಿ ಒಣಗಿಸುತ್ತಾಳೆ. ಸಮೀಕ್ಷೆಯವರು ಬಂದರೆ ಅವಳನ್ನು 'ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರು' ಅಂತ ಬರೆದುಕೊಳ್ಳುತ್ತಾರೆ. 2023-24ರಲ್ಲಿ ದುಡಿಯುವವರಲ್ಲಿ ಶೇ 19.4 ಜನ ಈ ಗುಂಪಿನವರು, ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು.

ಸ್ವಾತಂತ್ರ್ಯ ಬಂದ ಮೇಲೆ, 2020-21ಕ್ಕೂ ಮೊದಲು, ನಾಲ್ಕು ವರ್ಷ ನಮ್ಮ ಜಿಡಿಪಿ ಕುಸಿದಿತ್ತು. 1957-58, 1965-66, 1972-73, 1979-80. ಆಗೆಲ್ಲ ಮಳೆ ಕೈಕೊಟ್ಟು ಬೆಳೆ ಹೋಗಿತ್ತು. 1972ರ ಬರದ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಿದೆ. ಮಳೆ ಬಂದರೆ ಎಲ್ಲ ಸರಿಹೋಗುತ್ತಿತ್ತು. 2020ರಲ್ಲಿ ಉಲ್ಟಾ. ಲಾಕ್‌ಡೌನ್‌ನ ಆ ಏಪ್ರಿಲ್-ಜೂನ್‌ನಲ್ಲಿ ಕಟ್ಟಡ ಕೆಲಸ ಅರ್ಧಕ್ಕೆ ಇಳಿದಾಗ, ಕಾರ್ಖಾನೆಗಳ ಉತ್ಪಾದನೆ ಶೇ 39 ಬಿದ್ದಾಗ, ಕೃಷಿ ಒಂದೇ ಶೇ 3.4 ಬೆಳೆದದ್ದು. ಅದಕ್ಕೇ ಹೊಲ ಎಲ್ಲರನ್ನೂ ಕರೆದುಕೊಂಡಿತು. ಆದರೆ ಹಾಗೆ ಬಂದವರು ವಾಪಸ್ ಹೋಗಲು ಮಳೆ ಬಂದರೆ ಸಾಕಾಗಲ್ಲ, ಪಟ್ಟಣದಲ್ಲಿ ಬಾಡಿಗೆ, ಮಕ್ಕಳ ಫೀಸು ಕಟ್ಟುವಷ್ಟು ಸಂಬಳದ ಕೆಲಸ ಇರಬೇಕು. ಉದ್ಯೋಗ ಖಾತ್ರಿಯಲ್ಲೂ ಇದೇ ಕಾಣುತ್ತೆ. 2019-20ರಲ್ಲಿ ಸುಮಾರು 265 ಕೋಟಿ ಮಾನವ ದಿನಗಳ ಕೆಲಸ ನಡೆದಿತ್ತು, 2020-21ರಲ್ಲಿ 389 ಕೋಟಿಗೆ ಏರಿತು, 2023-24ರಲ್ಲೂ 300 ಕೋಟಿಯ ಮೇಲೇ ಇತ್ತು. ಬಿಸಿಲಲ್ಲಿ ಮಣ್ಣು ಹೊರುವ ಕೆಲಸವನ್ನು ಬೇರೆ ದಾರಿ ಇದ್ದವರು ಹುಡುಕಿಕೊಂಡು ಹೋಗಲ್ಲ.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2024-25ರಲ್ಲಿ ದ್ವಿಚಕ್ರ ವಾಹನಗಳ ಮಾರಾಟ 1.96 ಕೋಟಿಗೆ ಬಂತು. ಆರು ವರ್ಷ ಹಿಂದಿನ ಮಟ್ಟ ಆ ವರ್ಷವೂ ಮುಟ್ಟಲಿಲ್ಲ, ಆದರೆ ಹತ್ತಿರ ಬಂದಿತ್ತು. ನಾನು ಲೆಕ್ಕ ಬರೆಯುವ ಎರಡು ವರ್ಕ್‌ಶಾಪ್‌ಗಳಲ್ಲಿ ರಾತ್ರಿ ಪಾಳಿ ಮತ್ತೆ ಶುರುವಾಗಿದೆ. ಅವರ ರಿಟರ್ನ್ ಹಾಕುವಾಗ ನನಗೆ ನಿಜಕ್ಕೂ ಖುಷಿಯಾಗುತ್ತೆ.

ಭಾವನ ನಾಲ್ಕು ಹುಡುಗರಲ್ಲಿ ಒಬ್ಬ ಈಗ ಬೈಕಿನಲ್ಲಿ ಊಟ ತಲುಪಿಸುತ್ತಾನೆ, ಇಬ್ಬರು ಬೇರೆ ಕಡೆ ಲೇಥ್ ಮೇಲಿದ್ದಾರೆ, ಒಬ್ಬ ಹಾವೇರಿ ಕಡೆಗೆ ಹೋದವನು ಬರಲೇ ಇಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಊಟ ಆದ ಮೇಲೆ ಭಾವ ಅದೂ ಇದೂ ಮಾತಾಡುತ್ತಾ, ಪೀಣ್ಯದಲ್ಲಿ ಈಗ ಒಂದು ಸಣ್ಣ ಶೆಡ್‌ಗೆ ಅಡ್ವಾನ್ಸ್ ಎಷ್ಟು ಕೇಳುತ್ತಾರೆ ಅಂತ ಕೇಳಿದರು. ಅಕ್ಕ ಒಳಗಿನಿಂದ ಏನೂ ಅನ್ನಲಿಲ್ಲ. ವಿಚಾರಿಸಿ ಹೇಳುತ್ತೇನೆ ಅಂತ ಬಂದಿದ್ದೇನೆ.